ಮಲಕಿ ಡೋಲನ್‌ನ ನಿಧಾನ

ನಮ್ಮೂರಿನಲ್ಲಿ ಕುಡಿಸುವವಳೂ ನೊರೀನ್ ಗೆರಾಟಿಯೇ, ಹೂಳುವವಳೂ ಅವಳೇ. ಮುಂದೆ ಪಬ್ಬು, ಹಿಂದಿನ ಅಂಗಳದಲ್ಲಿ ಶವಪೆಟ್ಟಿಗೆಗಳ ಕೊಠಡಿ. ರಾಸ್‌ಕಾಮನ್ ಸೀಮೆಯಲ್ಲಿ ಇದೇನೂ ಹೊಸತಲ್ಲ, ಅವಳ ಅಪ್ಪ, ಅಜ್ಜ ಬದುಕಿದ್ದೂ ಹೀಗೆಯೇ. ಆ ಮನೆಯ ಹೆಣದ ಗಾಡಿಯನ್ನು ಮೂವತ್ತೊಂದು ವರ್ಷ ಓಡಿಸಿದವನು ಮಲಕಿ ಡೋಲನ್. ಅವನ ಕಥೆಯನ್ನು ನನ್ನಂಥವನು ಹೇಳುವುದೇ ಒಂದು ಹೇಸಿಗೆ. ಆದರೆ ಬೇರೆ ಯಾರಿಗೂ ಪೂರ್ತಿ ಗೊತ್ತಿಲ್ಲ.

ಮಲಕಿ ಉದ್ದನೆಯ ಆಳು, ಕೊಕ್ಕರೆ ಕತ್ತು, ಮದುವೆಯಿಲ್ಲ. ಶಾಲೆಯಲ್ಲಿ ನನ್ನ ಜೊತೆಯವನೇ. ಓದಿನಲ್ಲಿ ಹಿಂದೆ, ಆಟದಲ್ಲಿ ಹಿಂದೆ, ಹುಡುಗಿಯರ ವಿಷಯದಲ್ಲಂತೂ ಊರಿಗೇ ಹಿಂದೆ. ಮೇಷ್ಟ್ರು ಅವನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ ಮರೆತೇಬಿಟ್ಟಿದ್ದರು. ಅವನಿಗೆ ಚೆನ್ನಾಗಿ ಬರುತ್ತಿದ್ದದ್ದು ಒಂದೇ ಕೆಲಸ: ನಿಧಾನವಾಗಿ ಗಾಡಿ ಓಡಿಸುವುದು. ನಗಬೇಡಿ. ನಮ್ಮಲ್ಲಿ ಚರ್ಚಿನಿಂದ ಸಮಾಧಿಯವರೆಗೆ ಜನ ಗಾಡಿಯ ಹಿಂದೆ ನಡೆದುಕೊಂಡೇ ಹೋಗುತ್ತಾರೆ. ಆ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಕುಂಟುವವರು ಯಾರು ಎಂದು ಮಲಕಿ ಕನ್ನಡಿಯಲ್ಲಿ ಹುಡುಕುತ್ತಿದ್ದ. ಸತ್ತವನ ಹೆಂಡತಿಯೋ, ಕೋಲು ಹಿಡಿದ ಅಣ್ಣನೋ, ಯಾರಾದರೂ ಇರುತ್ತಿದ್ದರು. ಅವರ ಕಾಲಿಗೆ ತನ್ನ ಚಕ್ರವನ್ನು ಹೊಂದಿಸುತ್ತಿದ್ದ. ಅವರು ಮೂಗು ಒರೆಸಿಕೊಳ್ಳಲು ನಿಂತರೆ ಗಾಡಿಯೂ ನಿಲ್ಲುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಒಬ್ಬ ಮುದುಕಿಯೂ ಅವನ ಗಾಡಿಯ ಹಿಂದೆ ಏದುಸಿರು ಬಿಡಲಿಲ್ಲ. ಇದಕ್ಕೆ ಯಾರೂ ಅವನಿಗೆ ಶಾಭಾಸ್ ಅನ್ನಲಿಲ್ಲ. ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಅಚ್ಚುಕಟ್ಟಾಗಿ ಮಾಡುತ್ತಿದ್ದೇನೆಂದು ತನಗೆ ಗೊತ್ತಿದ್ದರೆ ಸಾಕಾಗಿತ್ತು.

ಹಳೆಯ ಪೆಟ್ರೋಲ್ ಗಾಡಿ ಹೋಗಿ ಡೀಸೆಲ್ ಗಾಡಿ ಬಂದಮೇಲೆ ಐದು ವರ್ಷ ಸುಖವಾಗಿತ್ತು. ಆರನೆಯ ವರ್ಷ ಕಾಟ ಶುರುವಾಯಿತು. ಈ ಗಾಡಿಗಳ ಸೈಲೆನ್ಸರಿನಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಮಸಿ ತುಂಬಿದಾಗ ಗಾಡಿ ತಾನೇ ಒಂದಿಷ್ಟು ಹೆಚ್ಚು ಡೀಸೆಲ್ ಕುಡಿದು, ಫಿಲ್ಟರನ್ನು ಕೆಂಡದ ಹಾಗೆ ಕಾಯಿಸಿ, ಮಸಿಯನ್ನು ಸುಟ್ಟುಕೊಳ್ಳುತ್ತದೆ. ಐನೂರು ಕಿಲೋಮೀಟರಿಗೊಮ್ಮೆ ಸುಟ್ಟುಕೊಂಡರೆ ಆರೋಗ್ಯ. ನೊರೀನಳ ಗಾಡಿ ಎಪ್ಪತ್ತಕ್ಕೊಮ್ಮೆ ಸುಟ್ಟುಕೊಳ್ಳತೊಡಗಿತು. ಚರ್ಚಿನ ಬಾಗಿಲಲ್ಲಿ ಪಾದ್ರಿ ಪ್ರಾರ್ಥನೆ ಹೇಳುತ್ತಿದ್ದರೆ ಗಾಡಿಯ ಫ್ಯಾನು ಭರ್ರೆಂದು ಗರ್ಜಿಸಿ ಅವರ ಬಾಯಿ ಮುಚ್ಚಿಸುತ್ತಿತ್ತು. ಸುಟ್ಟ ವಾಸನೆ ಬೇರೆ. ಹೆಣದ ಗಾಡಿಯಿಂದ ಸುಟ್ಟ ವಾಸನೆ ಬಂದರೆ ಊರು ಸುಮ್ಮನಿರುತ್ತದೆಯೇ? "ಈ ಸಲದ್ದು ನರಕಕ್ಕೆ ಹೋಗೋ ಗಿರಾಕಿ ಕಣ್ರೋ, ಈಗ್ಲೇ ಹೊತ್ಕೊಂಡಿದೆ," ಎಂದು ನಕ್ಕರು.

ಊರಿನ ಮೆಕ್ಯಾನಿಕ್ ಕೋಲ್ಮನ್ ಟಾರ್ಪಿ, ನನ್ನ ತಂಗಿಯ ಗಂಡ. ಸುತ್ತಲಿನ ಟ್ರ್ಯಾಕ್ಟರುಗಳೆಲ್ಲ ಅವನ ಕೈಯಲ್ಲೇ ಬದುಕಿರುವುದು. ಅವನು ನೊರೀನಳಿಗೆ ಹೇಳಿದ, "ನಡಿಗೇಲಿ ಓಡಿಸಿದ್ರೆ ಅದು ಕಾಯೋದ್ ಹೆಂಗೆ? ಭಾನುವಾರಕ್ಕೊಂದ್ಸಲ ಖಾಲಿ ಗಾಡೀನ ಹೆದ್ದಾರಿಗೆ ಬಿಡಿಸು. ನೂರಿಪ್ಪತ್ತರಲ್ಲಿ ಅರ್ಧ ಗಂಟೆ ಓಡ್ಲಿ, ಎಲ್ಲಾ ಉರಿದುಹೋಗುತ್ತೆ."

ಮಲಕಿ ಹೋದ. ಅರವತ್ತರಲ್ಲಿ ಹೋಗಿ ಅರವತ್ತರಲ್ಲೇ ಬಂದ.

"ಯಾಕೋ?" ಎಂದಳು ನೊರೀನ್.

"ಹೆಣದ ಗಾಡಿ ಯಾರನ್ನೂ ಹಿಂದೆ ಹಾಕಬಾರ್ದು ನೊರೀನ್. ನಿಮ್ಮಪ್ಪನೇ ಹೇಳ್ಕೊಟ್ಟಿದ್ದು."

"ನಮ್ಮಪ್ಪ ಸತ್ತು ಹನ್ನೆರಡು ವರ್ಷ ಆಯ್ತು. ಈಗ ಹೇಳ್ತಿರೋದು ನಾನು."

ಮುಂದಿನ ಭಾನುವಾರ ಅವನು ಹಲ್ಲು ಕಚ್ಚಿ ನೂರಿಪ್ಪತ್ತಕ್ಕೆ ಏರಿಸಿದ. ದಾರಿಯುದ್ದಕ್ಕೂ ಕಂಡವರು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಇಷ್ಟು ಅವಸರದಲ್ಲಿ ಹೋದದ್ದು ಯಾರು ಎಂದು ಕೇಳಲು ಸಂಜೆಯೊಳಗೆ ಹನ್ನೊಂದು ಜನ ಪಬ್ಬಿಗೆ ಫೋನ್ ಮಾಡಿದರು. ಒಬ್ಬಳು, ಆಸ್ಪತ್ರೆಯಲ್ಲಿದ್ದ ತನ್ನ ಭಾವನೇ ಹೋದನೆಂದು ತಿಳಿದು, ಬ್ರೆಡ್ಡಿನ ನಡುವೆ ಹ್ಯಾಮ್ ಇಟ್ಟು ಸಾವಿಗೆ ಬರುವ ನಲವತ್ತು ಜನಕ್ಕೆ ತಿಂಡಿ ಕಟ್ಟಿಟ್ಟಿದ್ದಳು. ಹೆದ್ದಾರಿಯ ಓಟ ಅಲ್ಲಿಗೆ ನಿಂತಿತು. ಇಷ್ಟಾಗಿಯೂ ಎಪ್ಪತ್ತು ಕಿಲೋಮೀಟರ್ ಎಪ್ಪತ್ತಾಗಿಯೇ ಉಳಿಯಿತು ಎನ್ನುವುದನ್ನು ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ. ಮಸಿಯ ತೊಂದರೆಯಾಗಿದ್ದರೆ ಆ ಓಟಕ್ಕೆ ಸ್ವಲ್ಪವಾದರೂ ಸುಧಾರಿಸಬೇಕಿತ್ತು.

ನವೆಂಬರಿನಲ್ಲಿ ಅಂಚೆ ಕಚೇರಿಯ ಮುದುಕಿಯ ಹೆಣ ಹೊತ್ತು ಗುಡ್ಡ ಏರುವಾಗ ಗಾಡಿ ಕೆಂಪು ದೀಪ ಹಾಕಿ ನಿಂತೇಬಿಟ್ಟಿತು. ಮಳೆ. ಆರು ಗಂಡಸರು ಪೆಟ್ಟಿಗೆಯನ್ನು ಹೆಗಲಿಗೇರಿಸಿ ಮುಕ್ಕಾಲು ಮೈಲಿ ಹೊತ್ತರು. ಒಬ್ಬ ಜಾರಿ ಮಂಡಿಯೂರಿದ, ಪೆಟ್ಟಿಗೆ ವಾಲಿತು, ಮಗಳು ಚೀರಿದಳು. ಮಲಕಿ ಕರಿ ಕೋಟಿನಲ್ಲಿ ಗಾಡಿಯ ಪಕ್ಕ ನೆನೆಯುತ್ತ ನಿಂತಿದ್ದ. ಹಾದುಹೋದವರಲ್ಲಿ ಒಬ್ಬೊಬ್ಬರೂ ಅವನಿಗೊಂದು ಮಾತು ಎಸೆದೇ ಹೋದರು.

ನೊರೀನ್ ಗಾಡಿಯನ್ನು ಪಟ್ಟಣದ ದೊಡ್ಡ ಗ್ಯಾರೇಜಿಗೆ ಎಳೆಸಿದಳು. ಅವರು ಯಂತ್ರ ಚುಚ್ಚಿ ಓದಿ ಒಂದು ಕಾಗದ ಕೊಟ್ಟರು: ಸುಟ್ಟುಕೊಳ್ಳುವ ಕೆಲಸ ಅರ್ಧಕ್ಕೇ ನಿಂತದ್ದು ನೂರಾ ನಲವತ್ತು ಸಲ, ಕಾರಣ, ನಿಧಾನದ ಓಡಾಟ. ಇಂಜಿನ್ನಿಗೆ ಹಾಕುವ ಎಣ್ಣೆ ಯಾವುದು ಎಂದು ಅವರು ಕೇಳಲಿಲ್ಲ. ನೊರೀನ್ ಆ ಕಾಗದವನ್ನು ಪಬ್ಬಿನ ಕಟ್ಟೆಯ ಮೇಲಿಟ್ಟು ಎಲ್ಲರೆದುರೇ ಓದಿದಳು.

"ಗಾಡಿ ಕೊಂದೋನು ನೀನೇ ಅಂತ ಬರೆದವ್ರೆ ನೋಡು. ಕೀ ಇಲ್ಲಿಡು."

"ನಾನು ಅವರ ಜೊತೇಲಿ ನಡೆಸ್ಬೇಕಲ್ವಾ ನೊರೀನ್? ಹಿಂದೆ ನಡ್ಕೊಂಡ್ ಬರ್ತಿರ್ತಾರೆ..."

"ಕೀ ಇಡು ಮಲಕಿ."

ಇಟ್ಟ. ಮೂವತ್ತೊಂದು ವರ್ಷದ ಕೆಲಸ ಒಂದು ಪೈಂಟ್ ಬಿಯರಿನ ನೊರೆ ಇಳಿಯುವುದರೊಳಗೆ ಮುಗಿಯಿತು.

ಈಗ ನನ್ನ ಸರದಿ. ನನ್ನದು ಬಿಡಿಭಾಗದ ಅಂಗಡಿ. ಫಿಲ್ಟರನ್ನು ತೊಳೆಸಿ ತರಲು ಗಾಲ್ವೇಗೆ ಒಯ್ದವನು ನಾನೇ. ತೊಳೆಯುವವನು ಅದನ್ನು ತಕ್ಕಡಿಗಿಟ್ಟು ನೋಡಿದ, ಮೇಜಿಗೆ ಕುಟ್ಟಿದ. ಕಪ್ಪು ಉದುರಲಿಲ್ಲ. ಬಿಳಿಚು ಪುಡಿ ಉದುರಿತು.

"ಇದು ಮಸಿ ಅಲ್ಲ ಸ್ವಾಮಿ, ಬೂದಿ," ಎಂದ. "ಮಸಿಯಾದ್ರೆ ಉರಿದುಹೋಗುತ್ತೆ. ಬೂದಿ ಇನ್ನೆಲ್ಲಿ ಉರೀಬೇಕು? ಕೂತ ಜಾಗ ಬಿಡಲ್ಲ. ಒಳಗೆ ಜಾಗಾನೇ ಇಲ್ಲ, ಅದಕ್ಕೇ ಗಾಡಿ ಮೇಲಿಂದ ಮೇಲೆ ಸುಟ್ಕೊಳ್ತಿತ್ತು. ಇಂಜಿನ್ನಿಗೆ ಯಾವ ಎಣ್ಣೆ ಹಾಕ್ತೀರಿ?"

ವಿಚಾರಿಸಿ ಹೇಳುತ್ತೇನೆ ಎಂದೆ. ಉತ್ತರ ಗೊತ್ತಿತ್ತು. ಫಿಲ್ಟರ್ ಇರುವ ಗಾಡಿಗೆ ಬೂದಿ ಕಡಿಮೆ ಮಾಡುವ ಎಣ್ಣೆಯೇ ಬೇರೆ, ಡಬ್ಬಿಯ ಮೇಲೇ ಬರೆದಿರುತ್ತದೆ. ಆದರೆ ನಮ್ಮದು ಟ್ರ್ಯಾಕ್ಟರಿನ ಊರು. ಕೋಲ್ಮನ್‌ನ ಶೆಡ್ಡಿನ ಮೂಲೆಯಲ್ಲಿ ಒಂದೇ ಒಂದು ದೊಡ್ಡ ಡ್ರಮ್ಮು, ಟ್ರ್ಯಾಕ್ಟರಿನ ಎಣ್ಣೆಯದು. ಹುಲ್ಲು ಕೊಯ್ಯುವ ಯಂತ್ರಕ್ಕೂ ಅದೇ, ಪಾದ್ರಿಯ ಕಾರಿಗೂ ಅದೇ, ಹೆಣದ ಗಾಡಿಗೂ ಅದೇ. ನೊರೀನಳ ಗಾಡಿ ಎಣ್ಣೆ ಕುಡಿಯುವ ಚಾಳಿಯದು. ಗಾಲ್ವೇ, ಡಬ್ಲಿನ್ ಆಸ್ಪತ್ರೆಗಳಿಂದ ಹೆಣ ತಂದಾಗಲೆಲ್ಲ ಕೋಲ್ಮನ್ ಡ್ರಮ್ಮಿನಿಂದ ಒಂದು ಜಗ್ಗು ಸುರಿಯುತ್ತಿದ್ದ. ಆರು ವರ್ಷ ಸುರಿದ. ಇಂಜಿನ್ನಿನಲ್ಲಿ ಉರಿದ ಆ ಎಣ್ಣೆಯೇ ಫಿಲ್ಟರಿನಲ್ಲಿ ಬೂದಿಯಾಗಿ ಕೂತಿತ್ತು. ಆ ಡ್ರಮ್ಮು ಮಾರಿದವನು ನಾನು. "ನೊರೀನಳ ಹೊಸ ಗಾಡಿಗೂ ಇದೇ ನಡೆಯುತ್ತಾ?" ಎಂದು ಅವನು ಮೊದಲ ದಿನವೇ ಕೇಳಿದ್ದ. "ಎಣ್ಣೆ ಎಣ್ಣೆನೇ ಕಣೋ, ಹಾಕು," ಎಂದಿದ್ದೆ.

ವಾಪಸು ಬಂದು ಅವನಿಗೆ ಹೇಳಿದೆ. ಕೋಲ್ಮನ್ ಚಿಂದಿಯಲ್ಲಿ ಕೈ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ಯಾರ್ಗಾದ್ರೂ ಹೇಳಿದ್ಯಾ ಭಾವ?"

"ಇಲ್ಲ."

"ಹಂಗಾದ್ರೆ ಫಿಲ್ಟರ್ ತೊಳೆದಾಯ್ತು, ಗಾಡಿ ಓಡುತ್ತೆ. ನಾಳೆಯಿಂದ ಆ ಎಣ್ಣೆ ತರ್ಸು, ಹಾಕ್ತೀನಿ. ಮಲಕಿಗೇನು, ಹೆಂಡ್ತಿನಾ, ಮಕ್ಕಳಾ? ಬಾಯಿ ಬಿಟ್ರೆ ಒಬ್ಬ ಟ್ರ್ಯಾಕ್ಟರಿನೋನೂ ನನ್ನ ಶೆಡ್ಡಿಗೆ ಬರಲ್ಲ. ನಿನ್ನ ಅಂಗಡಿಗೂ ಅಷ್ಟೇ. ನಿನ್ನ ತಂಗಿ ಮುಖ ನೋಡು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹಾಕಿಸಿದವರು ನಾವಿಬ್ಬರು. ತಂಗಿಯ ಮುಖ ನೋಡಿದೆ ಎಂದು ಹೇಳಿಕೊಳ್ಳಬಹುದು, ಆದರೆ ನೋಡಿದ್ದು ನನ್ನ ಮುಖವನ್ನೇ.

ಹೊಸ ಡ್ರೈವರ್ ಬಂದ. ತೊಳೆದ ಫಿಲ್ಟರು, ಸರಿಯಾದ ಎಣ್ಣೆ, ಗಾಡಿ ಮುದ್ದಿನ ಮಗುವಿನಂತೆ ಓಡಿತು. "ನೋಡಿದ್ರಾ, ಡ್ರೈವರ್ ಬದಲಾದ, ಗಾಡಿ ಸರಿಹೋಯ್ತು," ಎಂದಳು ನೊರೀನ್. ಊರೂ ಅದನ್ನೇ ಹೇಳಿತು. ಹೊಸಬ ಕನ್ನಡಿ ನೋಡುವವನಲ್ಲ. ಗಾಡಿಯ ಹಿಂದೆ ಮುದುಕಿಯರು ಓಡುನಡಿಗೆಯಲ್ಲಿ ಹೋಗುವುದು ರೂಢಿಯಾಯಿತು.

ಮಲಕಿ ಮಾತ್ರ ಒಂದು ಹೆಣವನ್ನೂ ತಪ್ಪಿಸಲಿಲ್ಲ. ಗುಂಪಿನ ಕಟ್ಟಕಡೆಗೆ ನಡೆಯುತ್ತಿದ್ದ, ಹಿಂದೆ ಬಿದ್ದವರ ಪಕ್ಕ. ಚಳಿಗಾಲ ಮುಗಿಯುವಷ್ಟರಲ್ಲಿ ಅವನ ಕೋಟು ಬೇರೆ ಯಾರದೋ ಎನ್ನುವಷ್ಟು ದೊಗಲೆಯಾಗಿತ್ತು. ಮಾರ್ಚಿನಲ್ಲಿ ನನ್ನ ಅಂಗಡಿಗೆ ಬಂದು ಕೇಳಿದ, "ಜಾರ್ಲತ್, ನೀನು ಇದನ್ನೆಲ್ಲಾ ಬಲ್ಲೋನು. ಎರಡನೇ ಗೇರಿನಲ್ಲಿ ಓಡಿಸಿದ್ರೆ ಗಾಡಿ ಉಳೀತಿತ್ತಾ? ರಾತ್ರಿಯೆಲ್ಲಾ ಅದೇ ಯೋಚ್ನೆ. ಆ ಮುದುಕೀನ ಮಳೇಲಿ ಅರ್ಧ ದಾರೀಲೇ ಇಳಿಸಿಬಿಟ್ಟೆನಲ್ಲ."

ಆಗ ನನ್ನಿಂದ ತಡೆಯಲಾಗಲಿಲ್ಲ. ಬೂದಿ, ಡ್ರಮ್ಮು, ಎಣ್ಣೆ, ಎಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡೆ, ಹೊಡೆದರೂ ಸರಿಯೇ ಅಂದುಕೊಂಡೆ. ಅವನು ಕೇಳಿದ್ದು ಇಷ್ಟೇ:

"ಹಂಗಾದ್ರೆ ನಾನು ಓಡಿಸ್ತಿದ್ದದ್ದು ಸರಿ ಇತ್ತಾ?"

"ಸರಿ ಇತ್ತು ಮಲಕಿ."

"ನಿಧಾನ ಆಗ್ಲಿಲ್ವಾ?"

"ಇಲ್ಲಪ್ಪ. ಸರಿಯಾಗೇ ಇತ್ತು."

ಅವನು ಸ್ಟೂಲಿನ ಮೇಲೆ ಕುಳಿತು ಸ್ವಲ್ಪ ಹೊತ್ತು ಅತ್ತ. ಆಮೇಲೆ ಎದ್ದು ಹೇಳಿದ, "ಕೆಲಸ ವಾಪಸ್ ಬೇಡ. ಈ ಮಾತು ಒಂದ್ಸಲ ನೊರೀನ್ ಪಬ್ಬಲ್ಲಿ, ಎಲ್ಲರ ಮುಂದೆ ಹೇಳು. ಅಷ್ಟು ಸಾಕು."

ಭಾನುವಾರ ಪೂಜೆ ಮುಗಿದಮೇಲೆ ಹೇಳುತ್ತೇನೆಂದು ಮಾತು ಕೊಟ್ಟೆ.

ಆ ಭಾನುವಾರ ಪಬ್ಬು ಕಿಕ್ಕಿರಿದಿತ್ತು. ಮಲಕಿ ಗಡ್ಡ ಬೋಳಿಸಿ, ಕೋಟು ಇಸ್ತ್ರಿ ಮಾಡಿಕೊಂಡು ಬಂದು ಬಾಗಿಲ ಹತ್ತಿರ ನಿಂತಿದ್ದ. ಬರುವಾಗಲೇ ನಾಲ್ಕು ಜನಕ್ಕೆ ಹೇಳಿದ್ದನಂತೆ, ಜಾರ್ಲತ್ ಇವತ್ತೊಂದು ವಿಷಯ ಹೇಳ್ತಾನೆ ಅಂತ. ಎದುರು ಮೇಜಿನಲ್ಲಿ ಕೋಲ್ಮನ್, ಪಕ್ಕದಲ್ಲಿ ನನ್ನ ತಂಗಿ. ಅವಳಿಗೆ ಏನೂ ಗೊತ್ತಿರಲಿಲ್ಲ, ನನ್ನನ್ನು ನೋಡಿ ಕೈ ಬೀಸಿದಳು.

"ಮಲಕಿ ಗಾಡಿ ವಿಷ್ಯ ಏನೋ ಹೇಳ್ಬೇಕಂತಲ್ಲ ಜಾರ್ಲತ್?" ಎಂದಳು ನೊರೀನ್ ಕಟ್ಟೆಯ ಹಿಂದಿನಿಂದ. ಗದ್ದಲ ನಿಂತಿತು. ನಾನು ಎದ್ದೆ. ಕೋಲ್ಮನ್ ತನ್ನ ಲೋಟವನ್ನೇ ನೋಡುತ್ತಿದ್ದ. ಐವತ್ತು ಜನ ನನ್ನ ಬಾಯಿ ನೋಡುತ್ತಿದ್ದರು, ಐವತ್ತೂ ಜನ ನನ್ನ ಗಿರಾಕಿಗಳು.

"ಹೂಂ, ಹೇಳೋದಿದೆ," ಎಂದೆ. "ಮಲಕಿ ಕೆಲಸ ಬಿಟ್ಟಿದ್ದು ಒಳ್ಳೇದೇ ಆಯ್ತು ಕಣ್ರಪ್ಪ. ನನಗೆ ಒಂದೇ ಭಯ ಇತ್ತು. ನನ್ನ ಹೆಣ ಅವನ ಗಾಡೀಲಿ ಗುಣಿ ಸೇರೋಷ್ಟ್ರಲ್ಲಿ ಪುನರುತ್ಥಾನದ ದಿನ ಬಂದು, ಅರ್ಧ ದಾರೀಲೇ ಎದ್ದು ಕೂರಬೇಕಾಗುತ್ತೇನೋ ಅಂತ!"

ಪಬ್ಬು ಬಿದ್ದು ಬಿದ್ದು ನಕ್ಕಿತು. ಯಾರೋ ಮೇಜು ಬಡಿದರು. ನನ್ನ ತಂಗಿ ಕಣ್ಣೊರೆಸಿಕೊಂಡು ನಕ್ಕಳು. ಎಲ್ಲರೂ ಬಾಗಿಲ ಕಡೆ ತಿರುಗಿ ಮಲಕಿಯ ಮುಖ ನೋಡಿದರು. ಅವನು ನನ್ನನ್ನೇ ನೋಡುತ್ತಿದ್ದ, ಇನ್ನೂ ಮಾತು ಮುಗಿದಿಲ್ಲ, ಮುಂದೆ ಹೇಳುತ್ತಾನೆ ಎಂಬಂತೆ. ನಾನು ಕುಳಿತುಕೊಂಡೆ. ಆಗ ಅವನೂ ನಕ್ಕ, ಎಲ್ಲರೂ ನಗುತ್ತಿರುವಾಗ ತಾನೊಬ್ಬ ನಗದಿದ್ದರೆ ಚೆನ್ನಾಗಿರುವುದಿಲ್ಲ ಅನ್ನುವ ಹಾಗೆ. ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದ.

ನೊರೀನ್ ನನ್ನ ಮುಂದೆ ಒಂದು ಪೈಂಟ್ ತಂದಿಟ್ಟು, "ಇದು ನನ್ನ ಲೆಕ್ಕ, ಒಳ್ಳೇ ಮಾತು ಹೇಳ್ದೆ," ಎಂದಳು. ನಾನು ಕುಡಿದೆ.