ಗೇಮ್ ಸಿಡಿಗೆ ಕುಂಕುಮ

ಚಿಕ್ಕಂದಿನ ದಸರಾ ರಜೆ ಎಂದರೆ ಎಲ್ಲರಿಗೂ ಸಿಹಿ ನೆನಪಂತೆ. ನನಗೆ ಮೈ ಉರಿಯುತ್ತದೆ. ಕಾಮಾಕ್ಷಿಪಾಳ್ಯದ ನಮ್ಮ ಮನೆಯಲ್ಲಿ ರಜೆ ಬಂದರೆ ಗಂಡುಹುಡುಗರಿಗೆ ವಿಡಿಯೊ ಗೇಮು, ನನಗೆ ಚಕ್ಕುಲಿ ಒತ್ತುವ ಕೆಲಸ. ಕೆಳಗೆ ದೊಡ್ಡಪ್ಪನ ಲೇತ್ ವರ್ಕ್‌ಶಾಪು, ಮೇಲೆ ನಾವೆಲ್ಲ. ಮೆಟ್ಟಿಲ ತುಂಬ ಎಣ್ಣೆ, ಕಾದ ಕಬ್ಬಿಣದ ವಾಸನೆ.

ದೊಡ್ಡಪ್ಪನ ಮಗ ನವೀನನ ಹತ್ತಿರ ಒಂದು ಗೇಮ್ ಸಿಡಿ ಇತ್ತು. ಅದರಲ್ಲಿ ಪ್ರಪಂಚ ಹಾಳಾಗಿಹೋಗಿದೆ, ಊರೆಲ್ಲ ಬೂದಿ. ಉಳಿದವರು ಗಾಡಿಗಳಿಗೆ ಗನ್ನು ಕಟ್ಟಿಕೊಂಡು ಒಂದು ಡ್ರಮ್ ಪೆಟ್ರೋಲಿಗಾಗಿ ಗುದ್ದಾಡುತ್ತಾರೆ. ಹುಡುಗರೆಲ್ಲ ಸ್ಪೀಡಾಗಿ ಓಡುವ ಕಾರುಗಳಿಗೇ ಮುಗಿಬೀಳುತ್ತಿದ್ದರು. ಮುಂದೆ ಕಬ್ಬಿಣದ ಹಲ್ಲು ಬೆಸೆದ ಹಳದಿ ಲಾರಿ ಯಾರಿಗೂ ಬೇಡ. ನನ್ನ ಕಣ್ಣು ಅದರ ಮೇಲೆ. ಬಾಗಿಲಲ್ಲಿ ನಿಂತು ನೋಡಿ ನೋಡಿ, ಮುರಿದ ಸೇತುವೆ ಹತ್ತಿರ ನವೀನ ಹೆದರಿ ಬ್ರೇಕ್ ಹಾಕುತ್ತಾನೆಂದು ಕಂಡುಕೊಂಡಿದ್ದೆ. ಅಲ್ಲೇ ಅವನನ್ನು ಗುದ್ದಬೇಕು.

“ಒಂದೇ ಒಂದ್ಸಲ ರಿಮೋಟ್ ಕೊಡೋ ಅಣ್ಣ.”

“ನಾಳೆ ಕೊಡ್ತೀನಿ ಕಣೇ. ಈಗ ಚಕ್ಕುಲಿ ತಗೊಂಬಾ.”

ದಿನಾ ಅದೇ ನಾಳೆ. ನಾನು ರಂಪ ಮಾಡಿದ ಮೇಲೆ, “ಆಯುಧಪೂಜೆ ಮುಗೀಲಿ, ದೇವ್ರಾಣೆ ಕೊಡ್ತೀನಿ” ಎಂದ.

ಪೂಜೆಯ ದಿನ ಅಜ್ಜಿ ಲೇತಿಗೆ, ಸ್ಕೂಟರಿಗೆ, ಈಳಿಗೆಮಣೆಗೆಲ್ಲ ಅರಿಶಿನ ಕುಂಕುಮ ಇಟ್ಟು ಸಿಡಿಯನ್ನೂ ಎತ್ತಿಕೊಂಡಳು. “ಇದ್ರಲ್ಲೂ ಗಾಡಿಗಳಿವೆ ಅಂತೀರಲ್ಲ?” ಎಂದವಳೇ, ಹೊಳೆಯುವ ಕಡೆಯೇ ಮುಖವೆಂದು ತಿಳಿದು ಅಲ್ಲಿಗೇ ಗಂಧ ಬಳಿದು ಕುಂಕುಮ ಒತ್ತಿದಳು. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಮುಟ್ಟುವ ಹಾಗಿಲ್ಲ. ಗಂಧ ಒಣಗಿ ಕಚ್ಚಿಕೊಂಡಿತು. ಬೆಳಗ್ಗೆ ನವೀನ ಅದನ್ನು ವರ್ಕ್‌ಶಾಪಿನ ಕೈ ಒರೆಸುವ ಬಟ್ಟೆಯಲ್ಲಿ, ಕಬ್ಬಿಣದ ಪುಡಿ ಮೆತ್ತಿದ ಬಟ್ಟೆಯಲ್ಲಿ, ಗಸಗಸ ತಿಕ್ಕಿದ.

ರಿಮೋಟು ನನ್ನ ಕೈಗೆ ಬಂತು. ಲಾರಿ ಆರಿಸಿಕೊಂಡೆ. ಅಷ್ಟೇ, ಪರದೆ ನಿಂತುಹೋಯಿತು.

“ನೋಡಿ, ಇವ್ಳು ಮುಟ್ಟಿದ್ಲು, ಹಾಳಾಯ್ತು!” ಎಂದು ನವೀನ ಕಿರುಚಿದ.

ದೊಡ್ಡಪ್ಪ ಮೇಲೆ ಬಂದರು. “ಹೆಣ್ಮಗು, ಗುದ್ದಾಡೋ ಆಟ ನಿಂಗ್ಯಾಕಮ್ಮ?”

“ಅವ್ನೇ ತಿಕ್ಕಿ ಕೆರೆದಿದ್ದು ದೊಡ್ಡಪ್ಪ!”

“ಎದುರು ಮಾತಾಡ್ಬೇಡ.”

“ಅವಳನ್ನ ಯಾಕ್ರೋ ಬೈತೀರ? ಕುಂಕುಮ ಇಟ್ಟಿದ್ದು ನಾನು” ಎಂದಳು ಅಜ್ಜಿ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನನ್ನನ್ನು ಬೈದದ್ದು ತಪ್ಪಾಯಿತೆಂದು ಮಾತ್ರ ಒಬ್ಬರೂ ಹೇಳಲಿಲ್ಲ. ದೀಪಾವಳಿಗೆ ಹೊಸ ಸಿಡಿ ಬಂತು. “ನೀನು ಮುಟ್ಟಿದ್ರೆ ಕೆಡುತ್ತೆ” ಎಂದು ನವೀನ ರಿಮೋಟು ಕೊಡಲೇ ಇಲ್ಲ.

ಈಗ ವರ್ಕ್‌ಶಾಪಿನ ಜಾಗದಲ್ಲಿ ಬಾಡಿಗೆ ಮನೆಗಳು. ನನ್ನ ಪರ ಮಾತಾಡಿದ ಅಜ್ಜಿಯೂ ಇಲ್ಲ. ಅದೇ ಗೇಮನ್ನು ನನ್ನ ಸಂಪಾದನೆಯಲ್ಲೇ ಕೊಂಡು ಆಡಿದ್ದೇನೆ, ಗೆದ್ದಿದ್ದೇನೆ. ಎದುರಿಗಿರುವುದು ಮಷೀನು, ಅದನ್ನು ಗುದ್ದಿ ಏನು ಸುಖ?

ಪ್ರತಿ ಆಯುಧಪೂಜೆಗೆ ನವೀನ ತನ್ನ ಮಕ್ಕಳಿಗೆ ಅಜ್ಜಿಯ ಕುಂಕುಮದ ಕಥೆ ಹೇಳುತ್ತಾನೆ. ಅವು ಹೊಟ್ಟೆ ಹಿಡಿದುಕೊಂಡು ನಗುತ್ತವೆ.

“ಆಮೇಲೇನಾಯ್ತಪ್ಪ?”

“ಆಮೇಲೇನೂ ಇಲ್ಲ, ಹೊಸ ಸಿಡಿ ತಂದ್ವಿ” ಎನ್ನುತ್ತಾನೆ.

ನಾನು ಅಲ್ಲೇ, ಅವನ ಎದುರಿಗೇ ಕೂತಿರುತ್ತೇನೆ.