ಎರಡು ಗೀಟು ಕಮ್ಮಿ

ಇವತ್ತು ಬೆಳಿಗ್ಗೆ ಕೊಟ್ಟಿಗೆ ಗುಡಿಸಿದೆ, ಹಾಲು ಕರೆದೆ, ರಾಗಿ ಒಣಹಾಕಿದೆ, ಹಿಪ್ಪುನೇರಳೆ ಸೊಪ್ಪು ಹೆಚ್ಚಲು ಕೂತೆ. ರೇಷ್ಮೆಹುಳುವಿನ ಕೋಣೆಯಿಂದ ಹೊಸ ಸೊಸೆ ತಲೆ ಹೊರಹಾಕಿ, "ಎಷ್ಟು ಇದ್ಲು ಹಾಕಿದ್ರೂ ಎರಡು ಗೀಟು ಕಮ್ಮೀನೇ ಅತ್ತೆ" ಅಂದಳು. ನನ್ನ ಕೈಯಲ್ಲಿದ್ದ ಕತ್ತಿ ಹಾಗೇ ನಿಂತಿತು.

ನಾನು ಈ ದೇವನಹಳ್ಳಿ ಸೀಮೆಗೆ ಸೊಸೆಯಾಗಿ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ರೇಷ್ಮೆಗೆ ಆಗ ಬಲು ಬೇಡಿಕೆ. ಪ್ಯಾರಾಚೂಟಿಗೆ ಬೇಕಂತೆ ಅನ್ನುತ್ತಿದ್ದರು. ನಾನು ಸಾಕಿದ ಹುಳು ಯಾವನೋ ಸಿಪಾಯಿಯನ್ನು ಆಕಾಶದಿಂದ ಇಳಿಸೀತೆಂದು ಒಳಗೊಳಗೇ ಬೀಗುತ್ತಿದ್ದೆ. ಹುಳುಗಳೋ, ಚಳಿಗೆ ಮುದುಡಿ ಸೊಪ್ಪನ್ನೇ ಮುಟ್ಟುತ್ತಿರಲಿಲ್ಲ.

ನಮ್ಮತ್ತೆ ಹೇಳಿಕೊಟ್ಟ ಲೆಕ್ಕ ಸುಲಭದ್ದು ನೋಡಿ. ಗೋಡೆಯ ಥರ್ಮಾಮೀಟರಿಗೆ ಒಂದು ಕೆಂಪು ಗುರುತು. ಸೊಪ್ಪು ಹಾಕುವಾಗೆಲ್ಲ ಪಾದರಸ ಆ ಗುರುತಿಗಿಂತ ಎಷ್ಟು ಗೀಟು ಕೆಳಗಿದೆಯೋ ಅಷ್ಟು ಹಿಡಿ ಇದ್ದಲು ಅಗ್ಗಿಷ್ಟಿಕೆಗೆ. ನಾಲ್ಕು ಕಮ್ಮಿಯಿದ್ದರೆ ನಾಲ್ಕು ಹಿಡಿ, ಶಾಖ ಏರುತ್ತಿತ್ತು. ಎರಡು ಕಮ್ಮಿಗೆ ಬಂದಾಗ ಎರಡು ಹಿಡಿ ಹಾಕಿದರೆ ಅಲ್ಲೇ ಕೂತುಬಿಡುತ್ತಿತ್ತು, ಕೆರೆಗಿಳಿದ ಎಮ್ಮೆಯ ಹಾಗೆ.

"ನಿನ್ ಕೈಗುಣ ಸರಿಯಿಲ್ಲ ಕಣಮ್ಮಿ" ಅಂದರು ಅತ್ತೆ. "ನಾಳೆಯಿಂದ ಹುಳದ ತಟ್ಟೆ ಮುಟ್ಬೇಡ. ನಿನ್ ವಾರಗಿತ್ತಿ ನೋಡ್ಕೋತಾಳೆ."

ಕೈಗುಣ ಕೆಟ್ಟದ್ದೆಂದು ಹೆಸರು ಬಿದ್ದವಳನ್ನು ಹಾಲಿಗೆ ಹೆಪ್ಪು ಹಾಕಲೂ ಕರೆಯುವುದಿಲ್ಲ. ಆ ರಾತ್ರಿ ಅಗ್ಗಿಷ್ಟಿಕೆಯ ಮುಂದೆ ಕೂತು, ಒಂದು ಸಲ ಕೆಂಪು ಗುರುತು ಮುಟ್ಟಲಿ ದೇವರೇ ಎಂದು ಕಣ್ಣೀರಿಟ್ಟೆ. ಮುಟ್ಟಿದರೆ ಎಷ್ಟು ಹಿಡಿ ಹಾಕುವುದು? ಕಮ್ಮಿಯೇ ಇಲ್ಲದ ಮೇಲೆ ಒಂದೂ ಹಾಕುವಂತಿಲ್ಲ. ಹಾಕದಿದ್ದರೆ ಮತ್ತೆ ತಣ್ಣಗಾಗುತ್ತದೆ. ಆಗ ಹೊಳೆಯಿತು. ಎರಡು ಗೀಟು ಕಮ್ಮಿಯಿದ್ದರೆ ಮಾತ್ರ ಬೆಂಕಿಗೆ ಎರಡು ಹಿಡಿ; ಆ ಎರಡು ಹಿಡಿ ಚಳಿ ಕಸಿಯುವಷ್ಟನ್ನು ತುಂಬಲಷ್ಟೇ ಸಾಕು. ಹೇಳಿದ್ದನ್ನು ತಪ್ಪದೆ ಮಾಡಿದ್ದಕ್ಕೇ ಆ ಕೊರತೆ ಅಲ್ಲಿ ನಿಂತಿತ್ತು.

ಅತ್ತೆಯ ಮುಂದೆ ತೊದಲಿದೆ. "ಹೋದ್ಸಲ ಹಾಕಿದಷ್ಟನ್ನ ಹಾಕಿ, ಇನ್ನೂ ಕಮ್ಮಿಯಿದ್ರೆ ಅದ್ರ ಮೇಲೊಂದು ಹಿಡಿ ಹಾಕೋಣ ಅತ್ತೆ. ಗುರುತು ಮುಟ್ಟಿದ್ಮೇಲೂ ಅಷ್ಟನ್ನೇ ಹಾಕ್ತಿರಬೇಕು."

ಬೈಗುಳಕ್ಕೆ ಕಾದೆ. ಅವರು ಮೂರನೆಯ ಹಿಡಿ ತಾವೇ ಹಾಕಿದರು. ಮುಂದಿನ ಸೊಪ್ಪಿನ ಹೊತ್ತಿಗೆ ಪಾದರಸ ಗುರುತು ಮುಟ್ಟಿತ್ತು. ಮತ್ತೆ ಮೂರು ಹಾಕಿದೆವು, ಕದಲಲಿಲ್ಲ. ತಟ್ಟೆಗಳಲ್ಲಿ ಹುಳು ಮೇಯುವ ಸರಸರ ಸದ್ದು ಎದ್ದಿತು. ಅತ್ತೆ ಗೋಡೆಗೆ ಒರಗಿ ತಮ್ಮ ಅಂಗೈಯನ್ನೇ ನೋಡುತ್ತಾ ಕೂತರು.

"ನಮ್ಮತ್ತೇನೂ ನನ್ ಕೈಗುಣ ಅಂತ್ಲೇ ಅಂದಿದ್ದು ಕಣಮ್ಮಿ. ಆವಮ್ಮ ಸಾಯೋಗಂಟ ನಾನು ತಟ್ಟೆ ಮುಟ್ಲಿಲ್ಲ."

ಆ ಮುಖ ನಾನು ಮರೆತಿಲ್ಲ. ಇವತ್ತು ಸೊಸೆಯನ್ನು ಕೇಳಿದರೆ, ನಮ್ಮ ಯಜಮಾನರು ಅವಳಿಗೆ ತಮ್ಮಮ್ಮನ ಹಳೆಯ ಲೆಕ್ಕವನ್ನೇ ಹೇಳಿಕೊಟ್ಟಿದ್ದಾರೆ. "ನನ್ ಕೈಗುಣಾನೇ ಇಷ್ಟೇನೋ ಅತ್ತೆ" ಎನ್ನುತ್ತ ಅವಳು ಆಗಲೇ ಕೈಯನ್ನು ಸೆರಗಿಗೆ ಉಜ್ಜಿಕೊಳ್ಳುತ್ತಿದ್ದಳು. ಆ ಕೈ ಹಿಡಿದು ಅದರಿಂದಲೇ ಮೂರನೆಯ ಹಿಡಿ ಹಾಕಿಸಿದೆ.

ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು ಉಂಡೆವು. ಹುಳುವಿನ ಕೋಣೆ ಅವಳಿಗೆ ಬಿಟ್ಟು, ಮೊದಲು ನಿದ್ದೆ ಹೋದವಳು ನಾನೇ.