ಶಲವಡಿಯಲ್ಲಿ ಇಟಲಿಯ ನಗೆಯಾಟ

ಕೊರೊನಾದ ಅಡ್ಡಿ ತೀರಿದ ಎರಡನೆಯ ಬೇಸಿಗೆ. ಆಗ ನಾನು ಧಾರವಾಡದ ಒಂದು ರಂಗಶಾಲೆಯಲ್ಲಿ ಸಂಗೀತ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ನಾಟಕಗಳಿಗೆ ಸಂಗೀತ ಕೂಡಿಸುವುದು, ಹಾಡಲು ಹೆದರುವ ನಟರಿಂದ ಹಾಡಿಸುವುದು ನನ್ನ ಕೆಲಸ. ಕಂಪನಿ ನಾಟಕ, ಸಣ್ಣಾಟ, ಬೀದಿ ನಾಟಕ ಎಲ್ಲಕ್ಕೂ ಹಾರ್ಮೋನಿಯಂ ನುಡಿಸಿದ್ದೆ. ಇಟಲಿಯ ಒಪೆರಾ ಮಾತ್ರ ನನ್ನ ಕೈಗೆ ಬಂದಿರಲಿಲ್ಲ.

ಅದನ್ನು ತಂದವರು ಬೆಂಗಳೂರಿನ ಒಂದು ಕಲಾ ಸಂಸ್ಥೆಯವರು. ಹದಿನೆಂಟನೆಯ ಶತಮಾನದ ಇಟಾಲಿಯನ್ ಹಾಸ್ಯ ಒಪೆರಾ ಒಂದನ್ನು ಕನ್ನಡಕ್ಕೆ ತಂದು, ಹಳ್ಳಿಯ ಕಲಾವಿದರಿಂದ, ಹಳ್ಳಿಯಲ್ಲೇ ಆಡಿಸಬೇಕೆಂಬುದು ಅವರ ಯೋಜನೆ. ಸಂಸ್ಥೆಯ ಪರವಾಗಿ ಅದನ್ನು ನೋಡಿಕೊಳ್ಳುತ್ತಿದ್ದವರು ನಿಶಾಂತ್ ಎಂಬ ತರುಣ ಅಧಿಕಾರಿ. ಇಟಾಲಿಯನ್ ಸಾಲುಗಳ ಅರ್ಥ, ಸ್ವರಗಳ ಏರಿಳಿತ ಹೇಳಿಕೊಡಲು ನೇಪಲ್ಸ್ ನಗರದ ಸಂಗೀತ ಶಿಕ್ಷಕಿ ಲೂಚಿಯಾ ವಿಡಿಯೊ ಕರೆಯಲ್ಲಿ ಸಿಗುತ್ತಿದ್ದರು.

ಒಪೆರಾ ಎಂದರೆ ಮಾತೂ ಹಾಡಿನಲ್ಲೇ ನಡೆಯುವ ನಾಟಕ. ಆ ಕಾಲದಲ್ಲಿ ರಾಜರ, ದೇವತೆಗಳ ಗಂಭೀರ ಒಪೆರಾಗಳು ತಾಸುಗಟ್ಟಲೆ ನಡೆಯುತ್ತಿದ್ದವು. ಜನರಿಗೆ ಬೇಸರವಾಗದಿರಲೆಂದು ಅಂಕಗಳ ನಡುವೆ ಎರಡೇ ಪಾತ್ರಗಳ ಪುಟ್ಟ ನಗೆಯಾಟ ಆಡುತ್ತಿದ್ದರು. ಅದಕ್ಕೆ ಇಂಟರ್‌ಮೆಝೊ ಎಂದು ಹೆಸರು. ಕೆಲವು ನಗೆಯಾಟಗಳು ಜನರಿಗೆ ಎಷ್ಟು ಹಿಡಿಸಿದವೆಂದರೆ, ದೊಡ್ಡ ಒಪೆರಾವನ್ನು ಹಿಂದೆ ಬಿಟ್ಟು ತಾವೇ ಊರೂರು ತಿರುಗಿದವು. ನಮಗೆ ಬಂದದ್ದು ಅಂಥ ಒಂದು ಆಟ. ನಾವು ಅದನ್ನು ‘ಕಿವುಡ ಸಾವಕಾರ’ ಎಂದು ಕರೆದೆವು.

ಕಥೆ ಸರಳ. ಸಾವಕಾರನೊಬ್ಬ ಹರೆಯದಲ್ಲಿ ನೆರೆಮನೆಯ ಹೆಣ್ಣಿಗೆ ಮದುವೆಯ ಮಾತು ಕೊಟ್ಟಿರುತ್ತಾನೆ. ಆಕೆ ಅದನ್ನು ನೆನಪಿಸಲು ಬಂದಾಗಲೆಲ್ಲ ಕಿವಿ ಕೇಳದವನಂತೆ ನಟಿಸುತ್ತಾನೆ. ಆಕೆ ಬೇಡುತ್ತಾಳೆ, ಬೈಯುತ್ತಾಳೆ, ಅವನ ಕಿವಿಯ ಬಳಿ ಪಾತ್ರೆ ಬಡಿಯುತ್ತಾಳೆ. ಏನೂ ನಡೆಯುವುದಿಲ್ಲ. ಕೊನೆಗೆ ಬಂದು ಒಂದು ಮಾತೂ ಆಡದೆ ಎದುರಿಗೆ ಕೂತುಬಿಡುತ್ತಾಳೆ. ಆ ಮೌನ ತಡೆಯಲಾಗದೆ ಸಾವಕಾರನೇ ಬಾಯಿ ಬಿಟ್ಟು ಸಿಕ್ಕಿಬೀಳುತ್ತಾನೆ.

ಓದಿದ ಕೂಡಲೇ ನನಗೆ ಶಲವಡಿಯ ಸಣ್ಣಾಟದ ಮೇಳ ನೆನಪಾಯಿತು. ಸಣ್ಣಾಟದಲ್ಲೂ ಪಾತ್ರ ಕಡಿಮೆ, ಹಾಡು ಹೆಚ್ಚು, ಜಗಳವೇ ಜೀವಾಳ. ಆ ಮೇಳದ ಮುಖ್ಯಸ್ಥರು ಇಮಾಮಸಾಬ. ಅಣ್ಣಿಗೇರಿಯಲ್ಲಿ ಅವರದು ಬಟ್ಟೆ ಅಂಗಡಿ. ಹರೆಯದಿಂದಲೂ ಹೆಣ್ಣಿನ ಪಾತ್ರವನ್ನೇ ಮಾಡಿಕೊಂಡು ಬಂದವರು. ವಯಸ್ಸು ಅರವತ್ತರ ಹತ್ತಿರವಾದರೂ ಮೇಲಿನ ಷಡ್ಜಕ್ಕೆ ಏರಿದರೆ ದನಿ ನಡುಗುತ್ತಿರಲಿಲ್ಲ. ಆದರೆ ಕೊರೊನಾ ಬಂದಾಗಿನಿಂದ ಮೇಳ ಒಂದು ಆಟವನ್ನೂ ಆಡಿರಲಿಲ್ಲ. ಇನ್ನೊಂದು ವರ್ಷ ಹೀಗೇ ಕಳೆದರೆ ಎಲ್ಲರೂ ತಮ್ಮ ತಮ್ಮ ಕೆಲಸ ಹಿಡಿದು ಚದುರುವುದು ಖಚಿತವಿತ್ತು.

ನಾನು ಅಂಗಡಿಗೆ ಹೋಗಿ ವಿಷಯ ತಿಳಿಸಿದೆ. ಅವರು ಬಟ್ಟೆ ಮಡಚುತ್ತಲೇ ಕಥೆಯನ್ನೆಲ್ಲ ಕೇಳಿದರು.

“ಮಂದಿ ನಗ್ತಾರಂತ ಹೆದರಿಕಿ ಇಲ್ರಿ ಅಕ್ಕಾರ,” ಎಂದರು. “ಬಣ್ಣ ಹಚ್ಚಿ ಭಾಳ ದಿನಾ ಆತು. ಈಗಿನ ಮಂದಿ ಎಲ್ಲಾ ಮೊಬೈಲ್‌ನಾಗ ನೋಡ್ತಾರ. ಎದುರಿಗೆ ಬಂದು ಕುಂತು ನಗಲಿಲ್ಲಂದ್ರ ಹೆಂಗ ಅಂತ ಹೆದರಿಕಿ.”

ಆದರೂ ಒಪ್ಪಿದರು. ಸಾವಕಾರನ ಪಾತ್ರಕ್ಕೆ ದುಮ್ಮವಾಡದ ಫಕೀರಪ್ಪ ಸಿಕ್ಕರು. ಭಜನಾ ಮೇಳದಲ್ಲಿ ಹಾಡುವವರು, ಬಾವಿಯ ಆಳದಿಂದ ಬಂದಂಥ ದನಿ. ತಾಲೀಮಿಗೆ ಹಾರ್ಮೋನಿಯಂ ನುಡಿಸಲು ಯರಗುಪ್ಪಿಯ ಗಿರಿಜಾ ಬಂದರು. ಹೈಸ್ಕೂಲಿನ ಗಣಿತ ಶಿಕ್ಷಕಿ. ಬೇಸಿಗೆ ರಜೆಯಾದ್ದರಿಂದ ದಿನವೂ ಬರಲು ಸಾಧ್ಯವಾಯಿತು.

ಮೊದಲ ಪೆಟ್ಟು ನಿಶಾಂತ್ ಅವರಿಂದ ಬಿತ್ತು. ತಾಲೀಮು ನೋಡಲು ಶಲವಡಿಗೆ ಬಂದವರು ನನ್ನನ್ನು ಬದಿಗೆ ಕರೆದರು.

“ಮೇಡಂ, ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬೇಕು. ಇದರ ರೆಕಾರ್ಡಿಂಗ್ ಹೊರದೇಶಕ್ಕೆಲ್ಲ ಹೋಗುತ್ತೆ. ಗಂಡಸು ಸೀರೆ ಉಟ್ಟರೆ ಜನ ಹಾಡು ಕೇಳಲ್ಲ, ಸೀರೆ ನೋಡಿ ನಗ್ತಾರೆ.”

ಮಾತು ಇಮಾಮಸಾಬರ ಕಿವಿಗೂ ಬಿತ್ತು. ಅವರು ಸಿಟ್ಟಾಗಲಿಲ್ಲ.

“ಖರೆ ಐತ್ರಿ ಸಾಹೇಬ್ರ. ಮೊದಲ ಒಂದೀಟ ಹೊತ್ತು ಸೀರಿ ನೋಡಿ ನಗ್ತಾರ. ಆಮ್ಯಾಲ ಸೀರಿ ಮರೀತಾರ. ಮರಸೂದ ನಮ್ಮ ಕೆಲಸರಿ.”

ನಿಶಾಂತ್ ಒಪ್ಪಲಿಲ್ಲ. ಇಮಾಮಸಾಬರನ್ನು ಬಿಟ್ಟರೆ ಮೇಳವೇ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಅಂದೇ ಸಂಜೆ ಲೂಚಿಯಾ ಅವರಿಗೆ ಕರೆ ಮಾಡಿ, ನಿಶಾಂತ್ ಅವರನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು, ಈ ಪಾತ್ರವನ್ನು ಹಿಂದೆ ಯಾರು ಯಾರು ಹಾಡಿದ್ದಾರೆಂದು ಕೇಳಿದೆ. ಲೂಚಿಯಾ ಹೇಳಿದ್ದು ಇಷ್ಟು: ನೇಪಲ್ಸ್‌ನಲ್ಲಿ ಹೆಂಗಸರು ಹಾಡಿದರು. ಪೋಪ್ ಆಳುತ್ತಿದ್ದ ರೋಮ್‌ನಲ್ಲಿ ಹೆಂಗಸರು ರಂಗದ ಮೇಲೆ ಬರುವಂತಿರಲಿಲ್ಲ, ಹಾಗಾಗಿ ಅಲ್ಲಿ ಗಂಡಸರೇ ಹಾಡಿದರು. ಇನ್ನು ಕೆಲವು ಊರುಗಳಲ್ಲಿ ಗಂಡಸಿನ ಪಾತ್ರವನ್ನು ಹೆಂಗಸರು ಹಾಡಿದ್ದೂ ಉಂಟು.

ನಾನು ಫೋನನ್ನು ಇಮಾಮಸಾಬರ ಕಡೆ ತಿರುಗಿಸಿದೆ. ಅವರು ಪಾತ್ರೆ ಬಡಿಯುವ ಹಾಡನ್ನು ಕನ್ನಡದಲ್ಲಿ, ಮೂಲದ ಸ್ವರಗಳಲ್ಲೇ ಹಾಡಿದರು. ಹಾಡಿನ ಅರ್ಧದಲ್ಲಿ ಸೆರಗು ಇಲ್ಲದ ಹೆಗಲ ಮೇಲೆ ಸೆರಗು ಸರಿಪಡಿಸಿಕೊಂಡರು. ಲೂಚಿಯಾ ಜೋರಾಗಿ ನಕ್ಕುಬಿಟ್ಟರು. ಒಂದಕ್ಷರ ಕನ್ನಡ ಬಾರದ ಹೆಂಗಸು ನಕ್ಕದ್ದನ್ನು ನೋಡಿ ನಿಶಾಂತ್ ಮತ್ತೆ ಆ ಮಾತೆತ್ತಲಿಲ್ಲ.

ಎರಡನೆಯ ಪೆಟ್ಟು ಇನ್ನೂ ದೊಡ್ಡದು. ಪ್ರಯೋಗಕ್ಕೆ ಒಂದು ವಾರವಿರುವಾಗ ಫಕೀರಪ್ಪನವರಿಗೆ ಟೈಫಾಯ್ಡ್ ಜ್ವರ ಬಂತು. ಊರ ಶಾಲೆಯ ಮೈದಾನ ನಿಗದಿಯಾಗಿತ್ತು, ಸುತ್ತಲಿನ ಊರುಗಳಿಗೆ ಸುದ್ದಿ ಹೋಗಿತ್ತು. ನಿಶಾಂತ್ ಬೆಂಗಳೂರಿನಿಂದ ಪಳಗಿದ ಗಾಯಕರೊಬ್ಬರನ್ನು ಕರೆಸುತ್ತೇನೆಂದರು. ಆದರೆ ಆ ಗಾಯಕರಿಗೆ ಈ ಭಾಗದ ಮಾತು ಬರುತ್ತಿರಲಿಲ್ಲ. ಸಾವಕಾರನ ಹಾಡುಗಳೋ ಉಸಿರು ಬಿಡದೆ ಒದರುವ ಮಾತಿನ ಸುರಿಮಳೆ. ನಾಲಗೆಗೆ ಆ ಮಾತು ಒಗ್ಗಿರಲೇಬೇಕು.

ನನಗೆ ಹೊಳೆದದ್ದು ಗಿರಿಜಾ. ಫಕೀರಪ್ಪ ಬರುವುದು ತಡವಾದಾಗಲೆಲ್ಲ ಅವರ ಸಾಲುಗಳನ್ನು ಗಿರಿಜಾ ಅವರೇ ಗುನುಗಿ ತಾಲೀಮು ನಡೆಸುತ್ತಿದ್ದರು. ಇಡೀ ಆಟ ಅವರಿಗೆ ಬಾಯಿಪಾಠವಾಗಿತ್ತು. ದನಿಯೂ ಸಾಮಾನ್ಯವಾಗಿ ಹೆಂಗಸರಿಗಿರುವುದಕ್ಕಿಂತ ಬಹಳ ಕೆಳಗಿನದು. ಅದಕ್ಕೇ ಅವರು ಎಂದೂ ವೇದಿಕೆಯ ಮೇಲೆ ಹಾಡಿರಲಿಲ್ಲ. ಸಣ್ಣವರಿದ್ದಾಗ ಶಾಲೆಯ ಪ್ರಾರ್ಥನೆಯಲ್ಲೂ ಅವರನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸುತ್ತಿದ್ದರಂತೆ.

“ಸಾವಕಾರ ಆಗ್ತೀರೇನು?” ಎಂದು ಕೇಳಿದೆ.

ಅವರು ಹಾರ್ಮೋನಿಯಂ ಮುಚ್ಚಿ, ನನ್ನ ಮುಖ ನೋಡಿದರು. “ಫೋನ್ ಎತ್ತಿದ್ರ ಎಲ್ಲಾರೂ ಸರ್ ಅಂತಾರ್ರಿ ನನಗ. ಒಮ್ಮೆ ಖರೇನ ಸರ್ ಆಗಿ ನೋಡೇಬಿಡ್ತೀನಿ.”

“ಇದೇನು ಮೇಡಂ, ಎರಡೂ ಉಲ್ಟಾ ಆಯ್ತಲ್ಲ?” ಎಂದರು ನಿಶಾಂತ್.

“ಒಂದ ಉಲ್ಟಾ ಇತ್ತರಿ ಸಾಹೇಬ್ರ. ಈಗ ಜೋಡಿ ಆತು,” ಎಂದರು ಇಮಾಮಸಾಬ. ನಿಶಾಂತ್ ಕೂಡ ನಕ್ಕರು.

ನಗು ಬೇಗ ನಿಂತಿತು. ಮೂಲದಲ್ಲಿ ಹೆಣ್ಣಿನ ದನಿ ಮೇಲೆ, ಗಂಡಿನ ದನಿ ಕೆಳಗೆ. ನಡುವೆ ದೊಡ್ಡ ಅಂತರ. ಈಗ ಎತ್ತರಕ್ಕೆ ಹಾಡುವ ಗಂಡಸು, ತಗ್ಗಿನಲ್ಲಿ ಹಾಡುವ ಹೆಂಗಸು ಒಂದೇ ಸಪ್ತಕಕ್ಕೆ ಬಂದು ಕೂತಿದ್ದರು. ಇಬ್ಬರೂ ಕೂಡಿ ಹಾಡುವ ಯುಗಳಗೀತೆಯಲ್ಲಿ ಯಾರ ದನಿ ಯಾರದೆಂದು ತಿಳಿಯದೆ, ಒಬ್ಬರೇ ತಮ್ಮೊಡನೆ ತಾವು ಜಗಳವಾಡಿದಂತೆ ಕೇಳುತ್ತಿತ್ತು. ಎರಡು ದಿನ ಶ್ರುತಿ ಏರಿಸಿದೆ, ಇಳಿಸಿದೆ, ಉಪಯೋಗವಾಗಲಿಲ್ಲ. ಮೂರನೆಯ ದಿನ ಅವರಿಬ್ಬರೂ ಚಹಾದ ಕಪ್ಪಿನ ವಿಷಯಕ್ಕೆ ಚೇಷ್ಟೆಯ ಜಗಳ ಆಡುತ್ತಿದ್ದುದು ಕೇಳಿಸಿತು. ಒಬ್ಬರ ಮಾತು ಮುಗಿಯುವಷ್ಟರಲ್ಲಿ ಇನ್ನೊಬ್ಬರು ಅದನ್ನೇ ಎತ್ತಿಕೊಂಡು ತಿರುಗಿಸಿ ಹೊಡೆಯುತ್ತಿದ್ದರು. ಕೂಡಿ ಹಾಡಬೇಕಾದ ಸಾಲುಗಳನ್ನು ತುಂಡು ತುಂಡು ಮಾಡಿ, ಸವಾಲ್-ಜವಾಬಿನಂತೆ ಇಬ್ಬರಿಗೂ ಹಂಚಿದೆ. ಸ್ವರ ಒಂದೂ ಬಿಡಲಿಲ್ಲ. ದನಿಗಳು ಹತ್ತಿರವಿದ್ದದ್ದೇ ಈಗ ಅನುಕೂಲವಾಯಿತು. ಆಟದ ಹೆಣ್ಣು ಎಸೆದ ಸ್ವರವನ್ನು ಸಾವಕಾರ ಅಲ್ಲಿಂದಲೇ ಹಿಡಿಯುತ್ತಿದ್ದ. ವಯೊಲಿನ್ ನುಡಿಸಲು ನಮ್ಮ ರಂಗಶಾಲೆಯಿಂದ ಬಂದಿದ್ದ ಇಬ್ಬರು ವಿದ್ಯಾರ್ಥಿಗಳು ಕಮಾನು ಕೆಳಗಿಟ್ಟು ನಗತೊಡಗಿದಾಗ ನನಗೆ ಧೈರ್ಯ ಬಂತು.

ಪ್ರಯೋಗದ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಮೈದಾನ ತುಂಬಿತ್ತು. ಟ್ರ್ಯಾಕ್ಟರ್ ಟ್ರಾಲಿಗಳಲ್ಲಿ ಪಕ್ಕದ ಊರಿನವರೂ ಬಂದಿದ್ದರು. ಹಾರ್ಮೋನಿಯಂಗೆ ನಾನೇ ಕೂತೆ. ಗಿರಿಜಾ ಕೋಟು ತೊಟ್ಟು, ರುಮಾಲು ಸುತ್ತಿ, ಮೀಸೆ ಹಚ್ಚಿ ಬಂದರು. ಆ ತಗ್ಗಿನ ದನಿಯಲ್ಲಿ ಹಾಡಿನ ಮೊದಲ ಸಾಲು ಕೇಳುತ್ತಲೇ ಜನ ತಿರುಗಿ ತಿರುಗಿ ಒಬ್ಬರ ಮುಖ ಒಬ್ಬರು ನೋಡಿದರು. ಇಮಾಮಸಾಬ ಇಳಕಲ್ ಸೀರೆಯಲ್ಲಿ ಬಂದಾಗ, ಅವರು ಮೊದಲೇ ಹೇಳಿದಂತೆ, ಮೈದಾನವೆಲ್ಲ ಸೀರೆ ನೋಡಿ ನಕ್ಕಿತು. ಎರಡನೆಯ ಹಾಡಿನ ಹೊತ್ತಿಗೆ ಆ ನಗು ನಿಂತು, ಬೇರೆಯದೇ ನಗು ಶುರುವಾಗಿತ್ತು. ಜನ ಆ ಹೆಣ್ಣಿನ ಪಕ್ಷ ಹಿಡಿದಿದ್ದರು.

ಕೊನೆಗೆ ಮೌನದ ಜಾಗ ಬಂತು. ಸ್ವರಲಿಪಿಯಲ್ಲಿ ಅಲ್ಲಿ ಫರ್ಮಾಟಾ ಎಂಬ ಗುರುತಿದೆ. ಇಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದು ಹಾಡುವವರ ಇಷ್ಟ ಎಂದು ಅದರ ಅರ್ಥ. ಇಮಾಮಸಾಬ ಬಂದು, ಸೆರಗು ಹೊದ್ದು, ನೆಲ ನೋಡುತ್ತ ಕೂತರು. ತಾಲೀಮಿನಲ್ಲಿ ನಾಲ್ಕು ಉಸಿರಿನಷ್ಟು ಹೊತ್ತು ಕೂರುತ್ತಿದ್ದರು. ಇಂದು ಅದು ದಾಟಿತು. ಇನ್ನೂ ದಾಟಿತು. ನಾನು ಮುಂದಿನ ಸ್ವರದ ಮೇಲೆ ಬೆರಳಿಟ್ಟು ಕಾದೆ. ಮೈದಾನದಲ್ಲಿ ಮಕ್ಕಳೂ ಸುಮ್ಮನಾದರು. ಗಿರಿಜಾ ಒಮ್ಮೆ ಕುರ್ಚಿಯಿಂದ ಅರ್ಧ ಎದ್ದು, ಮತ್ತೆ ಕೂತರು.

ಮುಂದಿನ ಸಾಲಿನಿಂದ ಒಬ್ಬ ಮುದುಕಿ ತಡೆಯಲಾಗದೆ ಕೂಗಿದಳು: “ಏ ಸಾವಕಾರಾ, ಅಕಿ ಎದ್ದು ಹೋದಮ್ಯಾಲ ಅತ್ರ ಏನ್ ಬಂತಲೇ? ಈಗ ಮಾತಾಡಸ.”

“ಮಾತಾಡಸ, ಮಾತಾಡಸ” ಎಂದು ಮೈದಾನವೆಲ್ಲ ಹಿಡಿದುಕೊಂಡಿತು. ಗಿರಿಜಾ ಜನರ ಕಡೆ ನೋಡಿ, ರುಮಾಲು ತೆಗೆದು ಕೈಯಲ್ಲಿ ಹಿಡಿದು, ಆ ಆಳದ ದನಿಯಲ್ಲಿ ಮೆಲ್ಲಗೆ ಹಾಡಿದರು: “ಯಾಕ ಮಾತಾಡವಲ್ಲಿ?”

ಮುಂದಿನ ಸ್ವರ ನಾನು ನುಡಿಸಿದೆನೋ ಇಲ್ಲವೋ ಯಾರಿಗೂ ಕೇಳಿಸಲಿಲ್ಲ. ಸಿಳ್ಳೆ, ಚಪ್ಪಾಳೆ ನಿಲ್ಲುವವರೆಗೆ ಕಾಯಬೇಕಾಯಿತು. ಕೊನೆಯ ಯುಗಳಗೀತೆ ಮುಗಿದಾಗ ಕಂಪನಿ ನಾಟಕದ ಕಾಲದಂತೆ “ಒನ್ಸ್ ಮೋರ್” ಕೂಗು ಎದ್ದಿತು. ಮತ್ತೊಮ್ಮೆ ಹಾಡಿದರು. ಬಿಡಲಿಲ್ಲ. ಮೂರನೆಯ ಸಲ ಹಾಡುವಾಗ ಜನರೂ ದನಿಗೂಡಿಸಿದರು. ನೇಪಲ್ಸ್‌ನ ಆ ರಾಗವನ್ನು ಶಲವಡಿಯ ಮಂದಿ ಹಾಡುವುದನ್ನು ಕೇಳುತ್ತ ನಿಶಾಂತ್ ಟ್ರಾಲಿಯ ಮೇಲೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಆ ಹಂಗಾಮಿನಲ್ಲೇ ಕುಂದಗೋಳ, ನವಲಗುಂದ, ಕಲಘಟಗಿಯಿಂದ ಕರೆ ಬಂತು. ಮೇಳ ಮತ್ತೆ ಮೇಳವಾಯಿತು. ಫಕೀರಪ್ಪ ಗುಣವಾಗಿ ಬಂದ ಮೇಲೆ ಸಾವಕಾರನ ಪಾತ್ರವನ್ನು ಅವರೂ ಗಿರಿಜಾ ಅವರೂ ಸರದಿಯಂತೆ ಹಂಚಿಕೊಂಡರು. ಯಾವ ಊರಿನವರಾದರೂ ಮೊದಲು ಕೇಳುತ್ತಿದ್ದುದು ಮಾತ್ರ ಗಿರಿಜಾ ಟೀಚರ್ ಬರುತ್ತಾರೇನು ಎಂದು. ರೆಕಾರ್ಡಿಂಗ್ ನೋಡಿದ ಲೂಚಿಯಾ ಕರೆ ಮಾಡಿ, ಆ ಮೌನ ಎಷ್ಟು ಹೊತ್ತೆಂದು ಹೇಗೆ ಗೊತ್ತುಮಾಡಿದಿರಿ ಎಂದು ಕೇಳಿದರು. ನಾನು ಪ್ರಶ್ನೆಯನ್ನು ಇಮಾಮಸಾಬರಿಗೆ ದಾಟಿಸಿದೆ.

“ಮುಂದ ಕುಂತ ಮುದುಕಿ ಬಾಯಿ ಬಿಡೂತನಕ ಅಂತ ಹೇಳ್ರಿ,” ಎಂದರು.

ಮರುವರ್ಷ ಲೂಚಿಯಾ ತಮ್ಮ ಊರಿನಲ್ಲಿ ಅದೇ ಆಟವನ್ನು ವಿದ್ಯಾರ್ಥಿಗಳಿಂದ ಆಡಿಸಿದರು. ಯಾವ ಯಾವ ಊರಿನಲ್ಲಿ ಆ ಒಪೆರಾ ನಡೆದಿದೆಯೆಂದು ಆರಂಭದಲ್ಲಿ ಹೇಳುವಾಗ ನೇಪಲ್ಸ್, ರೋಮ್‌ಗಳ ಜೊತೆ ಶಲವಡಿಯ ಹೆಸರನ್ನೂ ಹೇಳಿದರು. ಆ ವಿಡಿಯೊವನ್ನು ಅಂಗಡಿಯಲ್ಲಿ ಕೂತು ಇಮಾಮಸಾಬರಿಗೆ ತೋರಿಸಿದೆ. ಅವರು ಊರ ಹೆಸರು ಬಂದ ಜಾಗವನ್ನು ಹಿಂದೆ ಸರಿಸಿ ಮತ್ತೆ ಕೇಳಿದರು. ಗಿರಾಕಿಗಳನ್ನೂ ಕರೆದು ಕೇಳಿಸಿದರು.

ನಾನು ಕೆಲಸಕ್ಕೆ ಸೇರಿದಾಗ ಪಾತ್ರಕ್ಕೆ ತಕ್ಕ ದನಿ ಹುಡುಕುವುದೇ ಸಂಗೀತ ನಿರ್ದೇಶಕರ ಕೆಲಸವೆಂದು ಕಲಿಸಿದ್ದರು. ಬಹುಕಾಲ ಹಾಗೇ ಮಾಡಿದೆ. ಆ ಬೇಸಿಗೆಯ ನಂತರ ಇದ್ದ ದನಿಗಳಿಗೆ ಆಟವನ್ನು ಹೊಂದಿಸುವುದನ್ನೂ ಕಲಿತೆ. ಈ ಆಟ ಇಷ್ಟು ಕಾಲ ಬಾಳಿದ್ದೂ ಹಾಗೆಯೇ. ಪ್ರತಿ ಊರೂ ತನ್ನಲ್ಲಿದ್ದ ಜನರಿಂದಲೇ ಅದನ್ನು ಹಾಡಿಸಿಕೊಂಡಿದೆ. ನಿವೃತ್ತಿಯ ನಂತರವೂ ತಾಲೀಮಿಗೆ ಕರೆಯುತ್ತಾರೆ, ಹೋಗುತ್ತೇನೆ. ಮೊದಲ ದಿನ ಹಾರ್ಮೋನಿಯಂ ತೆರೆಯುವುದಿಲ್ಲ. ಹಿಂದಿನ ಸಾಲಿನಲ್ಲಿ ನಿಂತವರನ್ನು ಮುಂದೆ ಕರೆದು, ಅವರ ದನಿ ಕೇಳುತ್ತೇನೆ.